ಬಾಗಿಲ ಸಂದಿಯಲ್ಲಿ ಕೇಳಿದ್ದು

ಸೆಪ್ಟೆಂಬರ್ ೨೧, ಶನಿವಾರ
ಮಧ್ಯಾಹ್ನ, ಶಾಲೆ ಬಿಟ್ಟ ಮೇಲೆ

ಡಾಕ್ಟರ್ ಸಾಹೇಬರಿಗೆ,

ಬೇಡ, ಇದನ್ನು ಹೊಡೆದು ಹಾಕಿದ್ದೇನೆ ಅಂದುಕೋ. ಹದಿನಾಲ್ಕು ತಿಂಗಳಿಂದ ನಿನಗೆ ‘ಮಾನ್ಯರೇ, ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ’ ಅಂತ ಬರೆದೂ ಬರೆದೂ ಕೈಗೆ ಅದೇ ರೂಢಿಯಾಗಿದೆ. ಒಂಬತ್ತು ವರ್ಷ ಒಂದೇ ಮನೆಯಲ್ಲಿದ್ದು ‘ನೀನು’ ಅಂದವಳು ನಾನು. ಇವತ್ತು ಹಾಗೇ ಬರೆಯುತ್ತೇನೆ. ಮತ್ತೆ ಶುರು ಮಾಡುತ್ತೇನೆ.

ನಿನಗೆ,

ಕ್ಷೇಮ ಅಂತ ಬರೆಯಲು ಮನಸ್ಸಿಲ್ಲ. ನನಗೆ ತಲೆ ಕೆಟ್ಟಿದೆ. ಮೊನ್ನೆ ಬುಧವಾರ ನಿನ್ನ ಕೋಣೆಯ ಮುಂದಿನ ಬೆಂಚಿನ ಮೇಲೆ ಒಂದೂವರೆ ತಾಸು ಕೂತಿದ್ದೆ. ಪಕ್ಕದಲ್ಲಿ ಆ ಹುಡುಗಿ, ಅದರ ಪಕ್ಕ ಅವಳ ತಾಯಿ. ನೀನು ಬಾಗಿಲು ತೆರೆದೆ, ಅವರಿಬ್ಬರನ್ನೂ ಒಳಗೆ ಕರೆದೆ, ನನ್ನ ಕೈಯಿಂದ ಕಾಗದ ಇಸಿದುಕೊಂಡು ಮೇಲಿಂದ ಕೆಳಗೆ ನೋಡಿ, “ಫಾರಂ ಸರಿಯಾಗಿದೆ” ಅಂದೆ. ಬಾಗಿಲು ಹಾಕಿಕೊಂಡೆ. ಹದಿನಾಲ್ಕು ತಿಂಗಳ ಮೇಲೆ ಎದುರಾಬದುರಾ ಸಿಕ್ಕ ಹೆಂಡತಿಗೆ ಗಂಡ ಆಡಿದ ಮಾತು ಅದು. ಫಾರಂ ಸರಿಯಾಗಿದೆ! ಮನೆಗೆ ಬಂದು ಎರಡು ಲೋಟ ಒಡೆದೆ. ಒಂದು ಕೈತಪ್ಪಿ, ಇನ್ನೊಂದು ಬೇಕಂತಲೇ.

ಅದಕ್ಕಿಂತ ಆರು ದಿನ ಮುಂಚೆ, ಗುರುವಾರ, ಇದೇ ನೀನು ಫೋನಿನಲ್ಲಿ ಅವಳ ಹತ್ತಿರ ಮುಕ್ಕಾಲು ಗಂಟೆ ಮಾತಾಡಿದ್ದೆಯಲ್ಲ, ಅದರ ವಿಷಯ ನನಗೆ ಕೇಳಬೇಕಾಗಿದೆ. ಆದರೆ ನಿನಗೆ ಗೊತ್ತಿರುವುದು ಆಚೆ ಕಡೆಯದಷ್ಟೇ. ಈಚೆ ಕಡೆ ಏನಾಯಿತು ಅಂತ ಮೊದಲು ಹೇಳುತ್ತೇನೆ. ಉದ್ದವಾಗುತ್ತೆ. ಉದ್ದವಾದರೆ ಆಗಲಿ, ಓದು.

ಆ ಹುಡುಗಿಗೆ ಕ್ಲಾಸಿನವರು ಇಟ್ಟಿರುವ ಹೆಸರು ‘ಚಿಲಕ’. ಎಂಟನೇ ಕ್ಲಾಸು, ಹದಿಮೂರು ವರ್ಷ. ಜೂನಿನಿಂದ ಶುರುವಾಯಿತು. ಪಾಠ ನಡೆಯುತ್ತಿದ್ದಾಗ ಎದ್ದು ಹೊರಗೆ ಓಡುತ್ತಾಳೆ, ಸಿಕ್ಕಿದ ಕೋಣೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಾಳೆ. ಮೊದಲು ಬಚ್ಚಲು, ಆಮೇಲೆ ಲೈಬ್ರರಿ, ಒಂದು ಸಲ ಹೆಡ್ ಮೇಡಂ ಕೋಣೆಯೇ. ಹೆಡ್ ಮೇಡಂ ಅರ್ಧ ಗಂಟೆ ವರಾಂಡದಲ್ಲಿ ನಿಂತಿದ್ದರಂತೆ, ಅವರ ಕನ್ನಡಕವೂ ಒಳಗೇ ಇತ್ತಂತೆ. ಆಮೇಲೆ ಹುಡುಗಿ ತಾನಾಗಿ ಬಾಗಿಲು ತೆಗೆದು ಬೆವರು ಸುರಿಸಿಕೊಂಡು ಬರುತ್ತಾಳೆ. ಏನಾಯಿತು ಅಂದರೆ ಬಾಯಿ ಬಿಡುವುದಿಲ್ಲ.

ಇಂಥ ಮಗುವಿಗೆ ಏನು ಮಾಡಬೇಕು ಅಂತ ಶಾಲೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಉತ್ತರ ಗೊತ್ತಿತ್ತು. ಹೆಡ್ ಮೇಡಂ ಪ್ರಕಾರ ನಮ್ಮ ಶಾಲೆಯಲ್ಲಿ ಅಂಥ ಮಕ್ಕಳೇ ಇಲ್ಲ. ಇರುವುದು ಶಿಸ್ತಿಲ್ಲದ ಮಕ್ಕಳು. ಆಟದ ಮೇಷ್ಟ್ರು ಮೈದಾನಕ್ಕೆ ಹತ್ತು ಸುತ್ತು ಓಡಿಸಿದರೆ ಸರಿಹೋಗುತ್ತಾಳೆ ಅಂದರು, ಓಡಿಸಿಯೂ ಬಿಟ್ಟರು. ಗಣಿತದ ಮೇಷ್ಟ್ರು ಅವಳ ಕ್ಲಾಸ್ ಟೀಚರ್. ಐವತ್ತೆಂಟು ಮಕ್ಕಳನ್ನು ಒಬ್ಬರೇ ನೋಡಿಕೊಳ್ಳುವ ಮನುಷ್ಯ. ಅವರು ಮಾತ್ರ, “ಟೆಸ್ಟಿಗೆ ಹೆದರ್ತಾಳೆ ಅಂದ್ಕೊಂಡಿದ್ದೆ ಮೇಡಂ, ಆದರೆ ಡ್ರಾಯಿಂಗ್ ಕ್ಲಾಸಿಂದಾನೂ ಓಡ್ತಾಳೆ” ಅಂದರು. ನಮ್ಮ ಆಪ್ತ ಸಲಹೆಗಾರ್ತಿ ಆರು ಶಾಲೆಗೆ ಒಬ್ಬಳೇ. ಈ ಶಾಲೆಗೆ ಮಂಗಳವಾರ ಎರಡು ತಾಸು ಬರುತ್ತಾಳೆ. ಅವಳಿಗೆ ಕೊಟ್ಟಿರುವ ಜಾಗ ಮೆಟ್ಟಿಲ ಕೆಳಗಿನ ಗೂಡು, ಸುತ್ತಿಟ್ಟ ಭೂಪಟಗಳು, ಕಾಲು ಮುರಿದ ಗ್ಲೋಬು. ಮಗು ಅಳುವುದಕ್ಕೆ ಶುರು ಮಾಡುವಷ್ಟರಲ್ಲಿ ಮೇಲೆ ಗಂಟೆ ಹೊಡೆಯುತ್ತೆ, ನಾನೂರು ಜೊತೆ ಬೂಟು ತಲೆ ಮೇಲೆ ಓಡುತ್ತವೆ. ಚಿಲಕ ಓಡಿಹೋಗುವುದು ಸೋಮವಾರ, ಬುಧವಾರ, ಗುರುವಾರ. ಮಂಗಳವಾರ ಅವಳು ಬಂಗಾರದಂಥ ಹುಡುಗಿ.

ಇವರನ್ನೆಲ್ಲ ಒಂದು ದಾರಕ್ಕೆ ಪೋಣಿಸುವುದು ನನ್ನ ಕೆಲಸ. ಟೀಚರ್ ನೋಡಿದ್ದು ಸಲಹೆಗಾರ್ತಿಗೆ, ಅವಳು ಕಂಡದ್ದು ನಿನಗೆ, ನೀನು ಹೇಳಿದ್ದು ತಾಯಿತಂದೆಗೆ ತಲುಪಬೇಕು. ಆರು ಶಾಲೆಗಳ ಸಂಯೋಜಕಿ ಅಂತ ನನ್ನ ಆಫೀಸಿನ ಬಾಗಿಲ ಮೇಲೆ ಬೋರ್ಡಿದೆ. ಹುಡುಗಿಯ ತಾಯಿಗೆ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಕೆಲಸ, ಶಿಫ್ಟಿನ ನಡುವೆ ಫೋನು ಮುಟ್ಟುವ ಹಾಗಿಲ್ಲ. ತಂದೆ ಲಾರಿ ಓಡಿಸುತ್ತಾನೆ, ಹದಿನೈದು ದಿನಕ್ಕೊಮ್ಮೆ ಮನೆಗೆ. ಮಗುವನ್ನು ನಿನ್ನ ಹತ್ತಿರ ಕಳಿಸುವ ಫಾರಂಗೆ, ಅದರ ಒಪ್ಪಿಗೆ ಪತ್ರಕ್ಕೆ ಇಬ್ಬರ ಸಹಿ ಬೇಕು, ಅದೂ ನಾಲ್ಕು ಪ್ರತಿಯಲ್ಲಿ. ಇದೆಲ್ಲ ನಿನಗೆ ಗೊತ್ತು ಅಂತ ನನಗೂ ಗೊತ್ತು. ಆದರೂ ಬರೆದೆ. ಯಾರಿಗಾದರೂ ಒಂದು ಸಲ ಪೂರ್ತಿ ಹೇಳಿ ಮುಗಿಸಬೇಕಿತ್ತು. ಎಲ್ಲರೂ ನಡುವೆಯೇ, “ಅದು ನಮ್ಮ ವಿಭಾಗಕ್ಕೆ ಬರಲ್ಲ ಮೇಡಂ” ಅನ್ನುತ್ತಾರೆ.

ಈಗ ಗುರುವಾರಕ್ಕೆ ಬರುತ್ತೇನೆ.

ಬೆಳಿಗ್ಗೆ ಹನ್ನೊಂದು ಗಂಟೆಗೆ ಫೋನು ಬಂತು. ಹುಡುಗಿ ಲ್ಯಾಬಿನ ಪಕ್ಕದ ಸಾಮಾನು ಕೋಣೆಗೆ ಹೊಕ್ಕು ಚಿಲಕ ಹಾಕಿಕೊಂಡಿದ್ದಾಳೆ, ಈ ಸಲ ತೆಗೆಯುತ್ತಿಲ್ಲ ಅಂತ. ನಾನು ಆಟೋ ಹಿಡಿದು ಹೋಗುವಷ್ಟರಲ್ಲಿ ಇಪ್ಪತ್ತು ನಿಮಿಷ ಕಳೆದಿತ್ತು. ಕಾರಿಡಾರಿನಲ್ಲಿ ಜಾತ್ರೆ. ಆಟದ ಮೇಷ್ಟ್ರು ಕಬ್ಬಿಣದ ಸಲಾಕೆ ಹಿಡಿದು ಬಾಗಿಲಿಗೆ ಬಡಿಯುತ್ತಿದ್ದರು. ಒಂದೊಂದು ಏಟಿಗೂ ಒಳಗಿನಿಂದ ಉಸಿರು ಎಳೆದುಕೊಳ್ಳುವ ಸದ್ದು, ಕೇಳಲಾಗದಂಥದ್ದು. ಶಾಲೆಯ ಆಯಾ ಇದ್ದಾರಲ್ಲ, ಅರವತ್ತರ ಹತ್ತಿರದವರು, ನನ್ನ ಹೆಗಲಿಗೂ ಬರುವುದಿಲ್ಲ. ಅವರು ಬಾಗಿಲಿಗೆ ಬೆನ್ನು ಕೊಟ್ಟು ನಿಂತುಬಿಟ್ಟರು. “ಇನ್ನೊಂದು ಏಟು ಹಾಕೋದಿದ್ರೆ ನನ್ನ ಮೇಲೇ ಹಾಕಿ ಸಾರ್. ಬಾಗಿಲ ಹಿಂದೇನೇ ಆಸಿಡ್ ಬಾಟ್ಲಿ ಕಪಾಟಿದೆ, ಧೂಳು ಹೊಡೆಯೋಳು ನಾನು, ನಂಗೆ ಗೊತ್ತು” ಅಂದರು. ಮೇಷ್ಟ್ರ ಕೈ ಅಲ್ಲೇ ನಿಂತಿತು. ಹೆಡ್ ಮೇಡಂ ನನ್ನ ಕಡೆ ತಿರುಗಿ, “ಏನಾದ್ರೂ ಮಾಡಿ, ನೀವೇ ತಾನೇ ಸಂಯೋಜಕಿ” ಅಂದರು.

ಸಲಹೆಗಾರ್ತಿಗೆ ಫೋನು ಮಾಡಿದೆ, ಬೇರೆ ಶಾಲೆಯಲ್ಲಿದ್ದಳು, ಸ್ವಿಚ್ ಆಫ್. ತಾಯಿಯ ಕಾರ್ಖಾನೆಗೆ ಮಾಡಿದೆ, ಸೂಪರ್‌ವೈಸರ್ ಊಟದ ಬಿಡುವಿನಲ್ಲಿ ಹೇಳುತ್ತೇನೆ ಅಂದ. ಕೊನೆಗೆ ನಿನಗೆ ಮಾಡಿದೆ. ನಿನ್ನ ನಂಬರು ನನ್ನ ಫೋನಿನಲ್ಲಿ ‘ಆಸ್ಪತ್ರೆ, ಮನೋವೈದ್ಯರು’ ಅಂತ ಇದೆ. ಮೊದಲ ಸಲ ನೀನು ಎತ್ತಲಿಲ್ಲ. ಎರಡನೇ ಸಲ “ಹೇಳು” ಅಂದೆ. ಹೇಗಿದ್ದೀಯ ಅಂತ ಇಲ್ಲ, ಯಾಕೆ ಅಂತ ಇಲ್ಲ. ಮೂರೇ ಪ್ರಶ್ನೆ ಕೇಳಿದೆ. ಉಸಿರಿನ ಸದ್ದು ಕೇಳಿಸುತ್ತಿದೆಯಾ, ಕೋಣೆಗೆ ಕಿಟಕಿ ಇದೆಯಾ, ಬಾಗಿಲ ಕೆಳಗೆ ಸಂದಿ ಇದೆಯಾ. ಆಮೇಲೆ ಎಲ್ಲರನ್ನೂ ಅಲ್ಲಿಂದ ಕಳಿಸಿ, ಸ್ಪೀಕರ್ ಹಾಕಿ ಫೋನನ್ನು ಸಂದಿಯಲ್ಲಿ ತಳ್ಳು ಅಂದೆ. ನಾನು ಕವರು ಕಿತ್ತು ಹಾಕಿ ತಳ್ಳಿದೆ. ಅರ್ಧ ಫೋನು ಒಳಗೆ, ಅರ್ಧ ಹೊರಗೆ. ನಾನೂ ಆಯಾನೂ ನೆಲದ ಮೇಲೆ ಕೆನ್ನೆ ಊರಿ ಮಲಗಿದೆವು. ಹೀಗಾಗಿ ನೀನು ಆಡಿದ ಒಂದೊಂದು ಮಾತೂ ನನ್ನ ಕಿವಿಗೆ ಬಿದ್ದಿದೆ. ಮರೆತಿದ್ದರೆ ನೆನಪಿಸುತ್ತೇನೆ.

“ನಾನು ಡಾಕ್ಟರು. ಬಾಗಿಲು ತೆಗಿ ಅನ್ನೋಕೆ ಫೋನ್ ಮಾಡಿಲ್ಲ. ಬೇಕಾದಾಗ ತೆಗಿ, ಬೇಡವಾದ್ರೆ ಬಿಡು. ನಂಗೆ ಸಂಜೆವರೆಗೂ ಬೇರೆ ಕೆಲಸ ಇಲ್ಲ” ಅಂದೆ. ನಿನ್ನ ಹಿಂದಿನಿಂದ ಹೊರಗೆ ಕಾದಿದ್ದ ರೋಗಿಗಳ ಟೋಕನ್ ನಂಬರು ಕೂಗುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು. ಮೂವತ್ತೆರಡು, ಮೂವತ್ತಮೂರು. ಸುಳ್ಳು ಹೇಳುವುದರಲ್ಲಿ ನೀನು ಇಷ್ಟು ಚೆನ್ನಾಗಿದ್ದೀಯ ಅಂತ ಗೊತ್ತಿರಲಿಲ್ಲ.

ಬಹಳ ಹೊತ್ತು ಅವಳು ಮಾತಾಡಲಿಲ್ಲ. ನೀನೂ ಮಾತಾಡಲಿಲ್ಲ. ಮಾತಾಡದೆ ಇರುವುದರಲ್ಲಿ ನಿನ್ನನ್ನು ಮೀರಿಸುವವರಿಲ್ಲ, ಅವತ್ತು ಅದೂ ಉಪಯೋಗಕ್ಕೆ ಬಂತು. ಕೊನೆಗೆ ಅವಳೇ ಅಂದಳು, “ನಾನು ಸತ್ತೋಗ್ತಿದೀನಿ.”

“ಹಾಗನ್ಸುತ್ತೆ. ನಂಗೂ ಹಾಗೇ ಅನ್ನಿಸಿತ್ತು” ಅಂದೆ ನೀನು.

ಹೋದ ವರ್ಷ, ಆಸ್ಪತ್ರೆಯಲ್ಲಿ ರೌಂಡ್ಸ್ ನಡುವೆ ಎದೆ ಹೊಡೆದುಕೊಳ್ಳುವುದಕ್ಕೆ ಶುರುವಾಯಿತು ಅಂದೆ. ಕೈ ಜೋಮು ಹಿಡಿಯಿತು, ಉಸಿರು ಗಂಟಲಲ್ಲಿ ಸಿಕ್ಕಿಕೊಂಡಿತು. ಔಷಧಿ ಡಬ್ಬ ಇಡುವ ಕೋಣೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡೆ, ಇದೇ ಕೊನೆ ಅಂದುಕೊಂಡೆ, ಇಪ್ಪತ್ತು ನಿಮಿಷಕ್ಕೆ ಸುಮ್ಮನಾಯಿತು ಅಂದೆ. “ಡಾಕ್ಟರಿಗೂ ಆಗುತ್ತಾ?” ಅಂತ ಅವಳು ಕೇಳಿದಳು. “ಆಗುತ್ತೆ. ನಾಚಿಕೆ ಸ್ವಲ್ಪ ಜಾಸ್ತಿ, ಅಷ್ಟೇ.” ಎಷ್ಟು ಸಲ ಆಗಿದೆ ಅಂದಳು. ಏಳು ಅಂದೆ. ಯಾರಿಗೆ ಹೇಳಿದಿರಿ ಅಂದಳು. ಆಗ ಟೋಕನ್ ಮೂವತ್ತೇಳು ಕೂಗಿದರು. ಮೂವತ್ತೆಂಟೂ ಕೂಗಿದರು. “ಯಾರಿಗೂ ಇಲ್ಲ, ನಿನಗೇ ಮೊದಲು” ಅಂದೆ.

ಯಾಕೆ ಅಂತ ಆ ಮಗು ಕೇಳಿತು. ನಾನು ನೆಲದ ಮೇಲೆ ಕಣ್ಣು ಮುಚ್ಚಿಕೊಂಡೆ.

“ಮನೆಯವರಿಗೆ ಹೇಳಿದ್ರೆ ಅದಕ್ಕೂ ಒಂದು ಫಾರಂ ತುಂಬಿಸ್ತಾರೆ ಅಂತ ಭಯ ಆಯ್ತು” ಅಂದೆ ನೀನು.

ಅವಳು ನಕ್ಕಳು. ಸಣ್ಣಗೆ, ಮೂಗಿನಲ್ಲಿ. ಜೂನಿನಿಂದ ಅವಳು ನಕ್ಕಿದ್ದನ್ನು ಕೇಳಿದ್ದೇ ಇಲ್ಲ ಅಂತ ಆಯಾ ನನ್ನ ಕೈ ಹಿಸುಕಿದರು. ಆಮೇಲೆ ನೀನು ಕಪಾಟಿನ ಬಾಟಲಿ ಮೇಲಿನ ಚೀಟಿಗಳನ್ನು ಅವಳ ಕೈಲಿ ಒಂದೊಂದಾಗಿ ಓದಿಸಿದೆ. ಮೇಲಿನ ಸಾಲು ಮುಗಿದು ಕೆಳಗಿನ ಸಾಲಿಗೆ ಬರುವಷ್ಟರಲ್ಲಿ ಅವಳ ಉಸಿರು ಮಾಮೂಲಿಗೆ ಬಂದಿತ್ತು. ಬಾಗಿಲು ತೆಗೆದು ಹೊರಗೆ ಬಂದಳು, ಹಣೆಗೆಲ್ಲ ಧೂಳು. ಮೊದಲು ಕೇಳಿದ್ದು, “ಟೆಸ್ಟ್ ಮುಗೀತಾ?” ಅಂತ. ಆಯಾ ಅವಳನ್ನು ಸೆರಗಿನಿಂದ ಒರೆಸುತ್ತ ನನ್ನ ಕಡೆ ನೋಡಿ, “ಎಂಥ ತಾಳ್ಮೆ ಆ ಡಾಕ್ಟ್ರಿಗೆ! ಕಟ್ಕೊಂಡೋಳು ಪುಣ್ಯ ಮಾಡಿರ್ಬೇಕು ಕಣಮ್ಮ” ಅಂದರು. ನಾನು ಹೌದು ಅಂದೆ.

ಅವತ್ತು ಸಂಜೆ ಗಣಿತದ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಒಬ್ಬರೇ ಕೂತಿದ್ದರು. ನಾನು ಎಲ್ಲರ ಮೇಲಿನ ಸಿಟ್ಟನ್ನೂ ಅವರ ಮೇಲೆ ಹಾಕಿದೆ. ನೀವೆಲ್ಲ ಸರಿಯಾದ ಹೊತ್ತಿಗೆ ಹೇಳಬೇಕಿತ್ತು ಅಂತ ಕೂಗಾಡಿದೆ. ಅವರು ಪೇಪರ್ ತಿದ್ದುವುದು ನಿಲ್ಲಿಸಿದರು. ಜೋರಾಗಿ ಮಾತಾಡಲಿಲ್ಲ. “ಮೇಡಂ, ಜುಲೈಯಲ್ಲೇ ಮೆಟ್ಟಿಲ ಹತ್ತಿರ ನಿಲ್ಲಿಸಿ ಹೇಳಿದ್ದೆ. ಬರೆದು ಕೊಡಿ ಅಂದ್ರಿ. ಈ ತಿಂಗಳು ಎರಡನೇ ತಾರೀಕು ಬರೆದೇ ಕೊಟ್ಟೆ. ಎರಡು ಕಾಲಂ ಖಾಲಿ ಇದೆ ಅಂತ ವಾಪಸ್ ಕಳಿಸಿದ್ರಿ. ಅದನ್ನೂ ತುಂಬಿಸಿ ಮಾರನೇ ದಿನಾನೇ ಕೊಟ್ಟಿದೀನಿ. ಅದು ಎಲ್ಲಿಗೆ ಹೋಯ್ತು?” ಅಂತ ಕೇಳಿದರು.

ಎಲ್ಲಿಗೂ ಹೋಗಿರಲಿಲ್ಲ. ನನ್ನ ಚೀಲದಲ್ಲಿತ್ತು.

ಇದನ್ನು ನಿನಗೆ ಹೇಳಬೇಕು. ಎರಡನೇ ತಾರೀಕು ಸೋಮವಾರ ನನ್ನ ಕೈಗೆ ಬಂದ ಕಾಗದ ಅದು. ಹನ್ನೆರಡನೇ ತಾರೀಕು ಆ ಹುಡುಗಿ ಬಾಗಿಲು ಹಾಕಿಕೊಂಡಳು. ನಡುವಿನ ಹತ್ತು ದಿನ ನಾನು ಆ ಫಾರಂ ಚೆಂದ ಮಾಡುತ್ತಿದ್ದೆ. ತಂದೆಯ ಸಹಿಯ ಪಕ್ಕ ತಾರೀಕಿಲ್ಲ. ಟೀಚರ್ ಬರೆದದ್ದರಲ್ಲಿ ಮೂರು ಕಡೆ ಹೊಡೆದು ತಿದ್ದಿದ್ದಾರೆ, ಮತ್ತೆ ಬರೆಸಬೇಕು. ಯಾಕೆ ಗೊತ್ತಾ? ಹೋದ ವರ್ಷ ಮೇ ತಿಂಗಳ ಮೀಟಿಂಗಿನಲ್ಲಿ, ಅಷ್ಟು ಜನರ ಎದುರಿಗೆ, “ಶಾಲೆಗಳಿಂದ ಬರೋ ಫಾರಂಗಳಲ್ಲಿ ಅರ್ಧಕ್ಕರ್ಧ ಕಸ” ಅಂದೆಯಲ್ಲ, ಅದಕ್ಕೆ. ಅವತ್ತಿನಿಂದ ನನ್ನ ಕೈಯಿಂದ ಹೋದ ಒಂದು ಕಾಗದದಲ್ಲೂ ನಿನಗೆ ಒಂದು ತಪ್ಪು ಸಿಗಬಾರದು ಅಂತ ಹಟ ಹಿಡಿದಿದ್ದೇನೆ. ಒಂದು ಫೋನು ಮಾಡಿ, ಹೀಗೊಂದು ಹುಡುಗಿ ಇದ್ದಾಳೆ, ಈ ಬುಧವಾರ ನೋಡು ಅಂದಿದ್ದರೆ ನೀನು ನೋಡುತ್ತಿದ್ದೆ. ನೀನು ಶಾಲೆ ಮಕ್ಕಳನ್ನು ನೋಡುವ ಬುಧವಾರ ಆ ಹತ್ತು ದಿನದಲ್ಲಿ ಎರಡು ಬಂದವು. ನಿನ್ನ ಧ್ವನಿ ಕೇಳಬಾರದು ಅಂತ ನಾನು ಮಾಡಲಿಲ್ಲ. ನಿನ್ನ ಮೇಲಿನ ಸಿಟ್ಟಿಗೆ ಒಂದು ಮಗುವನ್ನು ಹತ್ತು ದಿನ ಕಾಯಿಸಿದೆ. ಆ ಕಪಾಟು ಬಿದ್ದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ, ಯಾವ ಪತ್ರವನ್ನೂ ಬರೆಯುತ್ತಿರಲಿಲ್ಲ.

ನಮ್ಮ ನಿರ್ದೇಶಕರಿಗೆ ಇದನ್ನೆಲ್ಲ ಬರೆದು ಕೊಟ್ಟಿದ್ದೇನೆ. ಅಂಚೆಯಲ್ಲಿ ತಡವಾಯಿತು ಅಂತ ಬರೆದರೆ ಯಾರೂ ಕೇಳುತ್ತಿರಲಿಲ್ಲ, ಮೊದಲ ಕರಡಿನಲ್ಲಿ ಹಾಗೇ ಬರೆದಿದ್ದೆ ಕೂಡ. ಹರಿದು ಹಾಕಿದೆ. ಅವರು ನನಗೆ ಲಿಖಿತ ಎಚ್ಚರಿಕೆ ಕೊಟ್ಟಿದ್ದಾರೆ. ಇರಲಿ, ಬಂದದ್ದು ಸರಿಯಾಗಿಯೇ ಬಂತು.

ಹುಡುಗಿಯ ತಾಯಿಗೂ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಒಗೆದು ಒಗೆದು ಸುಕ್ಕುಗಟ್ಟಿದ ಬೆರಳುಗಳನ್ನು ನೋಡಿಕೊಳ್ಳುತ್ತ, “ನಿಮಗಾದ್ರೂ ಹತ್ತು ದಿನ ಮೇಡಂ. ನಾನು ಜೂನಿಂದ ಅವಳು ನಾಟಕ ಆಡ್ತಾಳೆ ಅಂತ ಹೊಡೀತಿದ್ದೆ” ಅಂದಳು. ಇಬ್ಬರೂ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಕೂತಿದ್ದೆವು. ಮೇಲೆ ನಾನೂರು ಜೊತೆ ಬೂಟು ಓಡಿದವು.

ಈಗ ಚಿಲಕ ದಿನಾ ಶಾಲೆಗೆ ಬರುತ್ತಿದ್ದಾಳೆ. ಎದೆ ಹೊಡೆದುಕೊಂಡಾಗ ಕೈ ಎತ್ತಿದರೆ ಸಾಕು, ಯಾರೂ ಏನೂ ಕೇಳದೆ ಆಯಾ ಕೋಣೆಗೆ ಹೋಗಬಹುದು. ಅಲ್ಲಿಯ ಬಾಗಿಲಿಗೆ ಚಿಲಕ ಇಲ್ಲ, ಪರದೆ ಇದೆ. ಈ ವಾರ ಎರಡು ಸಲ ಹೋಗಿದ್ದಳು, ಹತ್ತು ನಿಮಿಷಕ್ಕೆ ವಾಪಸು ಬಂದಳು. ಇದಕ್ಕೆ ಒಪ್ಪಿಸಲು ಹೆಡ್ ಮೇಡಂಗೆ ಹೇಳಿ ಹೇಳಿ ನನ್ನ ಬಾಯಿ ಒಣಗಿತು, ಕೊನೆಗೆ ಒಪ್ಪಿದರು. ಇನ್ನು ಮುಂದೆ ಮೊದಲು ಫೋನು, ಆಮೇಲೆ ಫಾರಂ ಅಂತ ಆರೂ ಶಾಲೆಗೆ ಸುತ್ತೋಲೆ ಕಳಿಸಿದ್ದೇನೆ. ಪ್ರತಿ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಹತ್ತು ನಿಮಿಷ ನೀನು ನನ್ನ ಜೊತೆ ಫೋನಿನಲ್ಲಿ ಮಾತಾಡಬೇಕು, ಮಕ್ಕಳ ವಿಷಯ ಮಾತ್ರ. ಇದನ್ನು ಕೇಳಿಕೊಳ್ಳುತ್ತಿಲ್ಲ, ಹೇಳುತ್ತಿದ್ದೇನೆ.

ಈಗ ನಮ್ಮ ವಿಷಯ.

ನೀನು ಅವತ್ತು ಹೇಳಿದ್ದು ನಿಜವಾ? ಅಥವಾ ಆ ಹುಡುಗಿಗೆ ಧೈರ್ಯ ಬರಲಿ ಅಂತ ಕಟ್ಟಿದ ಕಥೆಯಾ? ಬುಧವಾರ ಇದನ್ನು ಕೇಳಬೇಕು ಅಂತಲೇ ಬೆಂಚಿನ ಮೇಲೆ ಕೂತಿದ್ದೆ, ನೀನು ಫಾರಂ ನೋಡಿದೆ. ಫೋನು ನನ್ನದು, ನಾನು ಅಲ್ಲೇ ಇದ್ದೇನೆ ಅಂತ ನಿನಗೆ ಗೊತ್ತಿತ್ತು. ಅವಳಿಗೆ ಹೇಳಿದೆಯೋ ನನಗೆ ಹೇಳಿದೆಯೋ? ಒಂಬತ್ತು ದಿನದಿಂದ ಇದೇ ಯೋಚನೆ, ಬೇರೆ ಕೆಲಸ ಕೈಗೆ ಹತ್ತುತ್ತಿಲ್ಲ.

ನಾನು ಲೆಕ್ಕ ಹಾಕಿ ನೋಡಿದೆ. ಹೋದ ವರ್ಷ ಮಾರ್ಚ್, ಏಪ್ರಿಲ್. ನೀನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅರ್ಧರ್ಧ ಗಂಟೆ ಒಳಗೇ ಇರುತ್ತಿದ್ದೆ. ನಾನು ಹೊರಗಿನಿಂದ ಬಾಗಿಲು ಬಡಿದು, ಟ್ಯಾಂಕು ಖಾಲಿಯಾಗುತ್ತೆ ಅಂತ ಕೂಗುತ್ತಿದ್ದೆ. ಹೊರಗೆ ಬಂದಾಗ ನಿನ್ನ ಅಂಗಿ ಬೆನ್ನಿಗೆ ಅಂಟಿರುತ್ತಿತ್ತು, ಸ್ನಾನ ಮಾಡಿರುತ್ತಿರಲಿಲ್ಲ. ಆರು ಶಾಲೆಯ ಟೀಚರುಗಳಿಗೆ, ಇಂಥವನ್ನು ಗಮನಿಸಿ, ಗಮನಿಸಿ ಅಂತ ತರಬೇತಿ ಕೊಡುವವಳು ನಾನು. ಮನೆಯಲ್ಲಿ ನೀರಿನ ಟ್ಯಾಂಕನ್ನು ಗಮನಿಸಿದೆ. ನಿನ್ನ ಮೀಟಿಂಗಿನ ಆ ಮಾತೂ ಅಂಥದೇ ಒಂದು ದಿನದ್ದಿರಬಹುದು ಅಂತ ಈಗ ಅನ್ನಿಸುತ್ತೆ. ಅದಕ್ಕೆ ಕ್ಷಮಿಸಿದೆ ಅಂದುಕೊಳ್ಳಬೇಡ, ಇನ್ನೂ ಇಲ್ಲ. ಹೋದ ವರ್ಷದ ಆ ಜುಲೈಯಲ್ಲಿ ನೀನು, “ಸ್ವಲ್ಪ ದಿನ ಒಬ್ಬನೇ ಇರ್ತೀನಿ” ಅಂದೆ. “ಹಾಗಾದ್ರೆ ಬರೆದು ಕೊಡು” ಅಂದೆ ನಾನು. ನೀನು ನಿಜಕ್ಕೂ ಬರೆದು ಕೊಟ್ಟೆ, ತಾರೀಕು ಹಾಕಿ, ಸಹಿ ಮಾಡಿ! ಅಂಥ ಗಂಡನೂ ಇರುತ್ತಾನಾ? ಅಂಥ ಹೆಂಡತಿಯೂ ಇರುತ್ತಾಳಾ ಅಂತ ನೀನೂ ಕೇಳಬಹುದು. ಕೇಳು.

ಆದರೆ ಒಂದು ಮಾತು ಹೇಳಬಹುದಿತ್ತು ನೀನು. ಬಾಗಿಲ ಆಚೆಯಿಂದಲಾದರೂ ಹೇಳಬಹುದಿತ್ತು. ಎಂಟನೇ ಕ್ಲಾಸಿನ ಹುಡುಗಿಗೆ ಹೇಳಲು ಬಂದದ್ದು ನನಗೆ ಹೇಳಲು ಬರಲಿಲ್ಲ ಅಂದರೆ ನಾನು ಯಾರ ಮೇಲೆ ಸಿಟ್ಟು ಮಾಡಿಕೊಳ್ಳಲಿ? ನಿನ್ನ ಮೇಲೆ ಮಾಡಿಕೊಳ್ಳಲು ಹೋದರೆ ಅದು ತಿರುಗಿ ನನ್ನ ಹತ್ತಿರವೇ ಬರುತ್ತೆ.

ವಾಪಸು ಬಾ ಅಂತ ಬರೆಯುತ್ತಿಲ್ಲ. ಅದು ಬೇರೆ ಮಾತು, ಅದನ್ನು ಪತ್ರದಲ್ಲಿ ಬರೆಯುವಷ್ಟು ಬುದ್ಧಿಗೇಡಿ ನಾನಲ್ಲ. ನಿಜವಾಗಿದ್ದರೆ ಯಾರ ಹತ್ತಿರವಾದರೂ ತೋರಿಸಿಕೋ ಅಂತ ಬರೆಯುತ್ತಿದ್ದೇನೆ. ನಿನಗೆ ಪಾಠ ಹೇಳಿದ ಆ ಹಿರಿಯ ಡಾಕ್ಟರ್ ಇನ್ನೂ ರೋಗಿಗಳನ್ನು ನೋಡುತ್ತಾರಂತೆ, ವಿಚಾರಿಸಿದೆ. ಒಬ್ಬನೇ ಹೋಗಲು ಆಗದಿದ್ದರೆ ಹೇಳು, ಬೆಂಚಿನ ಮೇಲೆ ಕೂರುವುದು ನನಗೆ ಅಭ್ಯಾಸವಿದೆ. ಫಾರಂ ತರುವುದಿಲ್ಲ.

ಹೌದು ಅಂತಲೋ ಅಲ್ಲ ಅಂತಲೋ ಒಂದು ಉತ್ತರ ಕೊಡು. ಸುಮ್ಮನಿರಬೇಡ. ನಿನ್ನ ಸುಮ್ಮನಿರುವಿಕೆಗೆ ನಾನು ಏನೇನೋ ಅರ್ಥ ಕಟ್ಟುತ್ತೇನೆ, ಎಲ್ಲವೂ ತಪ್ಪಾಗಿರುತ್ತವೆ. ಅದು ನಮ್ಮಿಬ್ಬರಿಗೂ ಗೊತ್ತಾಗಿದೆ.

ಇನ್ನೂ ಸಿಟ್ಟು ಇಳಿಯದ,
ಗಡಿಬಿಡಿ
(ಹೆಸರು ನೀನೇ ಇಟ್ಟದ್ದು, ಕರೆಯುವವರಿಲ್ಲದೆ ಹಾಗೇ ಬಿದ್ದಿದೆ)

ಮರೆತ ಮಾತು: ನಿನ್ನೆ ಆಯಾ ಕೋಣೆಯಲ್ಲಿ ಹುಡುಗಿ ನನ್ನನ್ನು ಕೇಳಿದಳು, ಆ ಡಾಕ್ಟರ್‌ಗೆ ಮನೆಯಲ್ಲಿ ಯಾರಿದ್ದಾರೆ ಅಂತ. ಹೆಂಡತಿ ಇದ್ದಾಳೆ ಅಂದೆ. ಅವರಿಗೆ ವಿಷಯ ಗೊತ್ತಾ ಅಂದಳು. ಈಗ ಗೊತ್ತಾಯಿತು ಅಂದೆ. ಗೊತ್ತಾದ ಮೇಲೆ ಏನು ಮಾಡಿದರು ಅಂತ ಕೇಳಿದಳು. ಎರಡು ಲೋಟ ಒಡೆದಳು, ಆಮೇಲೆ ಕೂತು ಅತ್ತಳು ಅಂದೆ. ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. ಆಮೇಲೆ ನನ್ನ ಕೈ ಹಿಡಿದುಕೊಂಡು, ಬಾಟಲಿ ಚೀಟಿ ಇಲ್ಲದಿದ್ದರೆ ಕಿಟಕಿ ಸರಳು ಎಣಿಸಿದರೂ ಆಗುತ್ತೆ ಮೇಡಂ, ಎಣಿಸಿ ಅಂದಳು. ಎಣಿಸಿದೆ.